ಸಿಂಧನೂರಿನ ಕ್ಯಾಂಪುಗಳೂ, ನಮ್ಮ ಕೊಪ್ಪಳದ ಎಂಪಿ ಸಾಹೇಬರೂ...

ಗೆಳೆಯರೆ, ಇಲ್ಲಿ ಏನಾದರೂ ಬರೆದು ಎರಡು ತಿಂಗಳ ಮೇಲಾಯಿತು. ರಿಲೀಸು, ಡೆಡ್‌ಲೈನು, ರಾತ್ರಿ ಹತ್ತರ ಕಾಲ್‌ಗಳು... ನೆಪಗಳಿಗೇನು ಬರವೇ? ಇವತ್ತು ಮಾತ್ರ ಬರೆಯದೆ ಮಲಗಬಾರದು ಅನ್ನಿಸಿದೆ. ಕಾರಣ, ಆಫೀಸಿನಲ್ಲಿ ಊಟದ ಹೊತ್ತಿಗೆ ನಡೆದ ಒಂದು ಮಾತು.

ಅಮೆರಿಕದ ಸುದ್ದಿ ಬಂತು ಮಧ್ಯೆ. 2025ರ ಜನವರಿಯಲ್ಲಿ ಅಲ್ಲಿನ ಸರಕಾರ ನಿರಾಶ್ರಿತರನ್ನು ಕರೆಸಿಕೊಂಡು ನೆಲೆ ಕೊಡುವ ಕಾರ್ಯಕ್ರಮವನ್ನೇ ನಿಲ್ಲಿಸಿತು. ಆಮೇಲೆ 2026ರ ಲೆಕ್ಕಕ್ಕೆ 7,500 ಜನ ಸಾಕು ಎಂದು ಮಿತಿ ಹಾಕಿತು. ನಮ್ಮ ಟೀಮಿನ ಗೆಳೆಯನೊಬ್ಬ, "ಸರಿಯಾಗೇ ಮಾಡಿದ್ದಾರೆ ಬಿಡಪ್ಪಾ. ನಿರಾಶ್ರಿತರಿಗೆ ನೆಲ ಕೊಟ್ಟು ಕೂರಿಸಿಕೊಂಡ ಊರು ಉದ್ಧಾರ ಆಗಿದ್ದು ಎಲ್ಲಾದ್ರೂ ಇದ್ಯಾ?" ಅಂದ. ನಾನು ಸುಮ್ಮನೆ ಅನ್ನ ಕಲಸುತ್ತಾ ಕೂತಿದ್ದೆ. ಇದೆ ಅಂತ ನನಗೆ ಗೊತ್ತಿತ್ತು, ಅಂಥ ಊರಿನಲ್ಲಿ ಒಂದು ರಾತ್ರಿ ಮಲಗಿ ಎದ್ದು ಬಂದವನು ನಾನು. ಆದರೂ ಬಾಯಿ ಬಿಡಲಿಲ್ಲ. ಅವತ್ತು ಆಡದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತೆ, ತಡಕೊಳ್ಳಿ :)

ನಮ್ಮೂರು ಹನುಮಸಾಗರ, ಕುಷ್ಟಗಿ ತಾಲೂಕು. ಮಳೆ ನಂಬಿದ ನೆಲ. ಸಜ್ಜೆ, ಜೋಳ, ಮಳೆ ಕೈಕೊಟ್ಟರೆ ಅದೂ ಇಲ್ಲ. ಆದರೆ ಬಸ್ ಹತ್ತಿ ಕುಷ್ಟಗಿ, ತಾವರಗೇರಾ ದಾಟಿ ಪೂರ್ವಕ್ಕೆ ಹೋದರೆ ಲೋಕವೇ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಗಂಗಾವತಿ, ಕಾರಟಗಿ, ಸಿಂಧನೂರಿನ ಸೀಮೆಯೆಲ್ಲ ಭತ್ತದ ಗದ್ದೆ. ಅಲ್ಲಿನ ಅರ್ಧ ಊರುಗಳ ಹೆಸರಿಗೆ 'ಕ್ಯಾಂಪ್' ಅಂತ ಬಾಲ ಇರುತ್ತೆ. ಆಂಧ್ರದ ಕರಾವಳಿಯಿಂದ ಬಂದ ರೈತರು ನೆಲ ಕೊಂಡು, ಸಮ ಮಾಡಿ, ಗುಡಿಸಲು ಹಾಕಿಕೊಂಡು ಕೂತ ಜಾಗಗಳವು. ಗುಡಿಸಲು ಹೋಗಿ ಆರ್‌ಸಿಸಿ ಮನೆಗಳಾದವು, ಹೆಸರು ಮಾತ್ರ ಕ್ಯಾಂಪ್ ಅಂತಲೇ ಉಳಿಯಿತು. ಹೊರಗಿನಿಂದ ಬಂದವರು ಅಂತ ಯಾರೂ ಅವರನ್ನು ಈಗ ತಿರುಗಿ ನೋಡುವುದಿಲ್ಲ. ಗಂಗಾವತಿ ಅಕ್ಕಿ ಅಂತ ಬೆಂಗಳೂರಿನಲ್ಲಿ ನೀವು ಉಣ್ಣುವ ಅನ್ನದಲ್ಲಿ ಅವರ ಬೆವರೂ ಇದೆ.

ಅದೇ ಸಿಂಧನೂರಿನ ಮಗ್ಗುಲಲ್ಲಿ ಇನ್ನೊಂದು ಥರದ ಕ್ಯಾಂಪುಗಳಿವೆ. ಆರ್.ಎಚ್. ಕ್ಯಾಂಪ್ ಅಂತಾರೆ, ಮುಂದೆ ಒಂದು ನಂಬರು. ಪುನರ್ವಸತಿ ಕ್ಯಾಂಪುಗಳು. 1970ರ ಆಸುಪಾಸಿನಲ್ಲಿ ಪೂರ್ವ ಪಾಕಿಸ್ತಾನದಿಂದ, ಅಂದರೆ ಇವತ್ತಿನ ಬಾಂಗ್ಲಾದೇಶದಿಂದ, ಓಡಿ ಬಂದ ಬಂಗಾಳಿ ಕುಟುಂಬಗಳನ್ನು ಸರಕಾರವೇ ತಂದು ಇಲ್ಲಿ ನೆಲೆಗೊಳಿಸಿತು. ಬರ್ಮಾದಿಂದ ಬಂದವರೂ ಒಂದಷ್ಟು ಮಂದಿ. ಮನೆ ಕಟ್ಟಲು ಜಾಗ, ಉಳಲು ಜಮೀನು ಕೊಟ್ಟರು. ಬಂಗಾಳದ ನೀರಿನಲ್ಲಿ ಬೆಳೆದ ಜನ ಬಿಸಿಲಿನ ರಾಯಚೂರು ಸೀಮೆಯಲ್ಲಿ ಎರೆಮಣ್ಣು ಉಳೋದು ಕಲಿತರು.

ಇಂಜಿನಿಯರಿಂಗ್ ಓದುವಾಗ ನನ್ನ ರೂಮ್‌ಮೇಟ್ ಅಂಥ ಒಂದು ಕ್ಯಾಂಪಿನ ಹುಡುಗ. ಹೆಸರು ಬೇಡ, ಅವನಿಗೆ ಮುಜುಗರ. ಮೊದಲ ದಿನ ಹಾಜರಿಯಲ್ಲಿ ಅವನ ಹೆಸರು ಕೇಳಿ ಎಲ್ಲರೂ ಕೋಲ್ಕತ್ತಾದವನು ಅಂದುಕೊಂಡು ಹಿಂದಿಯಲ್ಲಿ ಮಾತಾಡಿಸಿದರು. ಅವನು "ಏನಲೇ, ಕನ್ನಡ ಬರಂಗಿಲ್ಲೇನು ನಿಮಗ?" ಅಂದಿದ್ದಕ್ಕೆ ಇಡೀ ಕ್ಲಾಸು ಸುಸ್ತು!

ಒಂದು ದಸರಾ ರಜೆಯಲ್ಲಿ ಅವನ ಊರಿಗೆ ಹೋಗಿದ್ದೆ. ದುರ್ಗಾಪೂಜೆ. ಪೆಂಡಾಲು, ಧಾಕಿ ಡೋಲು, ಅದರ ಪಕ್ಕದಲ್ಲೇ ಮಂಡಕ್ಕಿ-ಮಿರ್ಚಿ ಗಾಡಿ. ಮನೆ ಹಿಂದೆ ಸಣ್ಣ ಹೊಂಡ, ಅದರಲ್ಲಿ ಮೀನು. "ಮೀನ ತಿಂತಿಯೋ ಇಲ್ಲೋ?" ಅಂದ. ನಮ್ಮ ಮನೆಯಾಗ ತಿನ್ನಂಗಿಲ್ಲೋ ಅಂದೆ. "ಹಂಗಾರ ರೊಟ್ಟಿ ತಿನ್ನು, ನಮ್ಮವ್ವನೂ ಬಡೀತಾಳ ಈಗ" ಅಂದ. ಆ ತಾಯಿ ಬಡಿದ ಜೋಳದ ರೊಟ್ಟಿ ನಮ್ಮವ್ವನ ರೊಟ್ಟಿಗಿಂತ ಚೂರು ದಪ್ಪ ಇತ್ತು, ಅಷ್ಟೇ ವ್ಯತ್ಯಾಸ.

ಊಟ ಆದ ಮೇಲೆ ಅವನ ಅಜ್ಜ ಒಂದು ತಗಡಿನ ಟ್ರಂಕು ತೆಗೆದರು. ಒಳಗೆ ಪ್ಲಾಸ್ಟಿಕ್ ಕವರು, ಕವರಿನಲ್ಲಿ ಮಡಿಕೆ ಮಡಿಕೆಗೂ ಹರಿದಿದ್ದ ಒಂದು ಕಾಗದ. ಸರಕಾರ ಅವರನ್ನು ಇಲ್ಲಿಗೆ ತಂದಾಗ ಕೊಟ್ಟಿದ್ದು. "ಇದು ಹೋದ್ರ ನಾವು ಹೋದಂಗ" ಅಂದರು, ಕನ್ನಡದಲ್ಲೇ. ಆಗ ನನಗೆ ಅದು ಮುದುಕರ ಮಾತು ಅನ್ನಿಸಿತ್ತು.

ಆಮೇಲೆ ಅರ್ಥವಾಯಿತು. ಕೆಲಸ ಸಿಕ್ಕ ಎರಡನೇ ವರ್ಷಕ್ಕೆ ಅವನಿಗೆ ಆನ್‌ಸೈಟ್ ಅವಕಾಶ ಬಂತು. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ. ವಿಚಾರಣೆಗೆ ಬಂದವರು ಹೆಸರು ನೋಡಿದರು, ಊರು ನೋಡಿದರು, "ನಿಮ್ಮಜ್ಜ ಎಲ್ಲಿಂದ ಬಂದಿದ್ದು, ಕಾಗದ ತೋರಿಸು" ಅಂದರು. ಇಲ್ಲಿ ಒಂದು ಮಾತು ಗಮನಿಸಿ. ಪೌರತ್ವ ಕಾಯ್ದೆಯ ಪ್ರಕಾರ ಗಣರಾಜ್ಯವಾದ ದಿನದಿಂದ 1987ರ ಜುಲೈ 1ಕ್ಕಿಂತ ಮೊದಲು ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು. ನನ್ನ ಗೆಳೆಯನ ಅಪ್ಪ ಹುಟ್ಟಿದ್ದು ಇದೇ ಕ್ಯಾಂಪಿನಲ್ಲಿ, ಆ ತಾರೀಖಿಗಿಂತ ಎಷ್ಟೋ ಮುಂಚೆ. ಅಂದಮೇಲೆ ಇವನು ಭಾರತೀಯನೋ ಅಲ್ಲವೋ ಅನ್ನೋ ಪ್ರಶ್ನೆಯೇ ಇಲ್ಲ. ಆದರೂ ಕಡತ ತಿಂಗಳುಗಟ್ಟಲೆ ತಿರುಗಿತು. ಪಾಸ್‌ಪೋರ್ಟ್ ಬರೋ ಹೊತ್ತಿಗೆ ಆ ಸೀಟಿನಲ್ಲಿ ಬೇರೆಯವರು ಹೋಗಿ ಕೂತಾಗಿತ್ತು. ಅವನು ನಗುತ್ತಲೇ ಹೇಳಿದ, "ಇಲ್ಲೇ ಹುಟ್ಟಿದ್ರೂ ನಾ ಇನ್ನಾ ಬಂದವನ ಲೇ."

ಇನ್ನೊಂದು ವಿಷಯ, ಇದು ಇನ್ನೂ ದೊಡ್ಡದು. ಈ ಕ್ಯಾಂಪುಗಳ ಬಹಳಷ್ಟು ಜನ ನಾಮಶೂದ್ರರು. ಪಶ್ಚಿಮ ಬಂಗಾಳದಲ್ಲಿ ನಾಮಶೂದ್ರರು ಪರಿಶಿಷ್ಟ ಜಾತಿ. ಕರ್ನಾಟಕದ ಪಟ್ಟಿಯಲ್ಲಿ ಆ ಹೆಸರೇ ಇಲ್ಲ. ಯಾಕೆಂದರೆ ಪಟ್ಟಿ ರಾಜ್ಯಕ್ಕೊಂದು, ಇಲ್ಲಿ ಮೊದಲಿಗೆ ನಾಮಶೂದ್ರರು ಇರಲಿಲ್ಲ. ಸರಕಾರ ಜನರನ್ನು ರೈಲು ಹತ್ತಿಸಿ ಇಲ್ಲಿಗೆ ತಂದಿತು, ಅವರ ಜಾತಿಯ ಹಕ್ಕನ್ನು ಮಾತ್ರ ಅಲ್ಲೇ ಬಿಟ್ಟು ಬಂತು! ನನ್ನ ಗೆಳೆಯನ ಸೋದರಮಾವನ ಮಕ್ಕಳು ಬಂಗಾಳದಲ್ಲಿ ಎಸ್ಸಿ, ಇವನು ಇಲ್ಲಿ ಜನರಲ್. ಅವನ ಅಪ್ಪ ಇದ್ದ ಹೊಲದಲ್ಲಿ ಅರ್ಧ ಲಾವಣಿಗೆ ಹಾಕಿ ಫೀಸು ತುಂಬಿದ್ದು ನನಗೆ ಗೊತ್ತು.

ನಾಮಶೂದ್ರರು ಅಂದರೆ ಯಾರು ಗೊತ್ತಾ? 1946ರಲ್ಲಿ ಸಂವಿಧಾನ ಸಭೆಗೆ ಮುಂಬೈ ಪ್ರಾಂತದಿಂದ ಆರಿಸಿ ಬರುವ ದಾರಿ ಮುಚ್ಚಿದಾಗ ಬಾಬಾಸಾಹೇಬ್ ಅಂಬೇಡ್ಕರರನ್ನು ಬಂಗಾಳದಿಂದ ಆರಿಸಿ ಕಳಿಸಿದವರಲ್ಲಿ ಮುಂದಾಳು ಜೋಗೇಂದ್ರನಾಥ ಮಂಡಲ್. ಅವರು ನಾಮಶೂದ್ರರು. ದೇಶ ಒಡೆದಾಗ ಪಾಕಿಸ್ತಾನದಲ್ಲಿ ಮೊದಲ ಕಾನೂನು ಮಂತ್ರಿಯಾಗಿ, ತಮ್ಮ ಜನಕ್ಕೆ ಅಲ್ಲಿ ಉಳಿಗಾಲವಿಲ್ಲವೆಂದು ಕಂಡು 1950ರಲ್ಲಿ ಭಾರತಕ್ಕೆ ಬಂದುಬಿಟ್ಟರು. ಅಂಬೇಡ್ಕರರನ್ನು ಸಂವಿಧಾನ ಸಭೆಗೆ ಕಳಿಸಿದ ಸಮುದಾಯದ ಮೊಮ್ಮಕ್ಕಳು ಅದೇ ಸಂವಿಧಾನದ 341ನೇ ವಿಧಿಯ ಬಾಗಿಲಲ್ಲಿ ಐವತ್ತು ವರ್ಷಗಳಿಂದ ನಿಂತಿದ್ದಾರೆ, ನಮ್ಮ ಜಿಲ್ಲೆಯ ಪಕ್ಕದಲ್ಲಿ.

ಊಟದ ಟೇಬಲ್ಲಿನ ಗೆಳೆಯನಿಗೆ ಈಗ ಉತ್ತರ ಹೇಳುತ್ತೇನೆ. ನಿರಾಶ್ರಿತರನ್ನು ಕೂರಿಸಿಕೊಂಡ ಊರು ಉದ್ಧಾರ ಆಗಿದ್ದು ಇದೆಯಾ? ಕೊಡಗಿನ ಟ್ರಿಪ್ಪಿಗೆ ಹೋಗಿ ಬೈಲಕುಪ್ಪೆಯ ಚಿನ್ನದ ದೇವಸ್ಥಾನದ ಮುಂದೆ ಫೋಟೋ ತೆಗೆಸಿಕೊಳ್ಳದೆ ಬಂದವರು ನಮ್ಮಲ್ಲಿ ಯಾರಿದ್ದಾರೆ? 1959ರಲ್ಲಿ ದಲಾಯಿ ಲಾಮಾ ಗಡಿ ದಾಟಿ ಬಂದ ಮೇಲೆ ನೆಹರೂ ರಾಜ್ಯಗಳನ್ನು ಜಾಗ ಕೇಳಿದರು. ಆಗಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡು ಕೊಟ್ಟಿತು. ಆನೆಗಳ ನಡುವೆ ಡೇರೆ ಹಾಕಿಕೊಂಡು ಕಾಡು ಕಡಿದು ಮೆಕ್ಕೆಜೋಳ ಬೆಳೆದರು. 1966ರಲ್ಲಿ ಮುಂಡಗೋಡ, ಆಮೇಲೆ ಹುಣಸೂರು, ಕೊಳ್ಳೇಗಾಲದ ಒಡೆಯರಪಾಳ್ಯ. ಟಿಬೆಟಿಯನ್ನರು ಇವತ್ತಿಗೂ ನಿಜಲಿಂಗಪ್ಪನವರ ಹೆಸರನ್ನು ಗೌರವದಿಂದ ನೆನೆಯುತ್ತಾರೆ. ಅಲ್ಲಿ ಸರಕಾರ ಬರೀ ನೆಲ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಶಾಲೆ, ಆಸ್ಪತ್ರೆ, ಸಹಕಾರಿ ಸಂಘ ಎಲ್ಲವೂ ಬಂದವು. ಹುಬ್ಬಳ್ಳಿ, ಗದಗಿನ ಚಳಿಗಾಲದ ಸ್ವೆಟರ್ ಅಂಗಡಿಗಳು ನೆನಪಿವೆ ತಾನೆ? ನನ್ನ ಮೊದಲ ಸ್ವೆಟರ್ ಅಲ್ಲಿಂದ ಬಂದಿದ್ದು.

ದಕ್ಷಿಣ ಕನ್ನಡದ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳನ್ನೇ ನೋಡಿ. 1964ರ ಶಾಸ್ತ್ರಿ-ಸಿರಿಮಾವೋ ಒಪ್ಪಂದದ ಪ್ರಕಾರ ಶ್ರೀಲಂಕಾದಿಂದ ವಾಪಸಾದ ತಮಿಳರನ್ನು ಅಲ್ಲಿ ನೆಲೆಗೊಳಿಸಿದರು. ಅರಣ್ಯ ಅಭಿವೃದ್ಧಿ ನಿಗಮದ ಆ ತೋಟಗಳಲ್ಲಿ ಹಾಲು ಇಳಿಸಿದ್ದು ಅವರು. ಅಂದರೆ ಜನರನ್ನು ನೆಲೆಗೊಳಿಸುವ ಕೆಲಸ ನಮ್ಮ ರಾಜ್ಯಕ್ಕೆ ಹೊಸದಲ್ಲ, ಮಾಡಿ ಗೆದ್ದವರು ನಾವು.

ಸೋತಿದ್ದು ಬೇರೆ ಕಡೆ. ಇದನ್ನು ನಮ್ಮ ಭಾಷೆಯಲ್ಲಿ ಹೇಳುತ್ತೇನೆ. ನಮ್ಮ ದೇಶದ ಕಾನೂನು ಒಂದು ಡೇಟಾಬೇಸ್ ಅಂದುಕೊಳ್ಳಿ. ಅದರಲ್ಲಿ ಮನುಷ್ಯನಿಗೆ ಎರಡೇ ವ್ಯಾಲ್ಯೂ: ಪೌರ, ಇಲ್ಲವೇ ವಿದೇಶಿ. ನಿರಾಶ್ರಿತ ಅನ್ನೋ ಆಯ್ಕೆಯೇ ಡ್ರಾಪ್‌ಡೌನಿನಲ್ಲಿ ಇಲ್ಲ. 1951ರ ಅಂತರರಾಷ್ಟ್ರೀಯ ನಿರಾಶ್ರಿತರ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ, ಸರಿ. ಆದರೆ ನಮ್ಮದೇ ಅಂತ ಒಂದು ಕಾಯ್ದೆಯನ್ನೂ ಮಾಡಿಕೊಂಡಿಲ್ಲ. 1946ರ ವಿದೇಶಿಯರ ಕಾಯ್ದೆ ಹೋಗಿ 2025ರಲ್ಲಿ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂತು, ಅದರಲ್ಲೂ ನಿರಾಶ್ರಿತನಿಗೆ ಒಂದು ಜಾಗ ಸಿಗಲಿಲ್ಲ. ಟಿಬೆಟಿಯನ್ನರಿಗೆ, ಶ್ರೀಲಂಕಾ ತಮಿಳರಿಗೆ, ಇನ್ನು ಕೆಲವರಿಗೆ ಆದೇಶದ ಮೂಲಕ ವಿನಾಯಿತಿ ಕೊಟ್ಟಿದ್ದಾರೆ. ವಿನಾಯಿತಿ ಅಂದರೆ ಹಕ್ಕಲ್ಲ ಗೆಳೆಯರೆ. ಪ್ರೋಗ್ರಾಮಿನಲ್ಲಿ ಕೇಸಿಗೊಂದು ಇಫ್-ಎಲ್ಸ್ ಹಾಕುತ್ತಾ ಹೋದರೆ ಏನಾಗುತ್ತೆ ಅಂತ ನಿಮಗೆ ಗೊತ್ತು. ಒಂದು ದಿನ ಯಾರೋ ಬಂದು ಆ ಸಾಲು ಅಳಿಸಿದರೆ ಮುಗೀತು.

ಸಿಎಎ ಬಂತಲ್ಲ ಅಂತೀರಿ. 2019ರಲ್ಲಿ ಕಾಯ್ದೆ ಆಯಿತು, ನಿಯಮಗಳು ಬಂದಿದ್ದು 2024ರ ಮಾರ್ಚಿನಲ್ಲಿ. ಅದೇ ವರ್ಷ ಸಿಂಧನೂರಿನ ಕ್ಯಾಂಪುಗಳ ಬೆರಳೆಣಿಕೆಯ ಜನರಿಗೆ ಪೌರತ್ವ ಪತ್ರ ಸಿಕ್ಕಿತು. ಸಿಕ್ಕಿದ್ದು ಸಂತೋಷವೇ. ಆದರೆ ಅದು ಮೂರು ದೇಶ, ಆರು ಧರ್ಮ, 2014ರ ಡಿಸೆಂಬರ್ 31 ಅನ್ನೋ ಒಂದು ಗೆರೆ. ಶ್ರೀಲಂಕಾದ ತಮಿಳರು, ಟಿಬೆಟಿಯನ್ನರು, ಬರ್ಮಾದಿಂದ ಓಡಿ ಬಂದವರು ಆ ಗೆರೆಯ ಆಚೆ. ಮನೆಗೆ ಬೆಂಕಿ ಬಿದ್ದು ಓಡಿ ಬಂದವನನ್ನು ಮೊದಲು ಧರ್ಮ ಕೇಳುವ ಕಾನೂನು ನನಗೆ ಒಪ್ಪಿಗೆಯಿಲ್ಲ. ನಿಮ್ಮಲ್ಲಿ ಹಲವರು ಇದನ್ನು ಒಪ್ಪಲಿಕ್ಕಿಲ್ಲ, ಇರಲಿ, ಜಗಳ ಆಡೋಣ.

ನನಗೆ ಯಾಕೆ ಒಪ್ಪಿಗೆಯಿಲ್ಲ ಅನ್ನೋದಕ್ಕೆ ನಮ್ಮ ಆಯಿಯ (ಅಪ್ಪನ ತಾಯಿ) ಕಥೆ ಹೇಳಬೇಕು. ನಮ್ಮ ಸೀಮೆ ಆಗ ನಿಜಾಮನದು. 1947ರಲ್ಲಿ ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದರೂ ನಮಗೆ ಬಂದಿದ್ದು 1948ರ ಸೆಪ್ಟೆಂಬರಿನಲ್ಲಿ, ಸೈನ್ಯ ಹೈದರಾಬಾದಿಗೆ ನುಗ್ಗಿದ ಮೇಲೆ. ನಡುವಿನ ಆ ಒಂದು ವರ್ಷ ರಜಾಕಾರರ ಹಾವಳಿ. ಗಡಿ ಅಂದರೆ ಪಕ್ಕದ ಗಜೇಂದ್ರಗಡ, ಅದು ಮುಂಬೈ ಪ್ರಾಂತ, ಅಂದರೆ ಭಾರತ. ಪುಂಡಲೀಕಪ್ಪ ಜ್ಞಾನಮೋಠೆ ಅವರ ಮುಂದಾಳುತನದ ಹೋರಾಟದ ಶಿಬಿರ ಇದ್ದದ್ದು ಅಲ್ಲೇ. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಶಿಬಿರ. ಗಡಿಯ ಹಳ್ಳಿಗಳ ಜನ ಗಂಟುಮೂಟೆ ಕಟ್ಟಿಕೊಂಡು ಆಚೆಗೆ ಹೋದರು.

ಆಯಿ ಆಗ ಒಂಬತ್ತರ ಹುಡುಗಿ. "ರಜಾಕಾರ್ರು ಬಂದ್ರಂತ ಅಂದ್ರ ಸಾಕು, ಒಲಿ ಮ್ಯಾಲಿನ ರೊಟ್ಟಿ ಹಂಗ ಬಿಟ್ಟು ಗಾಡಿ ಹೂಡ್ತಿದ್ರು" ಅನ್ನುತ್ತಿದ್ದಳು. ಗಜೇಂದ್ರಗಡದ ಕಡೆ ಗುರುತು ಪರಿಚಯವಿಲ್ಲದ ಒಬ್ಬರು ದನದ ಕೊಟ್ಟಿಗೆಯ ಅರ್ಧ ಖಾಲಿ ಮಾಡಿಕೊಟ್ಟರಂತೆ. ಮುದ್ದಾಂ ಕೇಳಿದ್ದೆ ಒಮ್ಮೆ, ಅವರು ನಿಮ್ಮ ಜಾತಿ ಕೇಳಲಿಲ್ಲೇನು ಅಂತ. "ಕೇಳಿದ್ರು, ಮೂರು ದಿನ ಆದ ಮ್ಯಾಲೆ. ಮೊದ್ಲ ಜ್ವಾಳ ಕೊಟ್ರು" ಅಂದಳು. ಆಯಿ ಈಗಿಲ್ಲ. ಸರಕಾರದ ಯಾವ ಕಾನೂನಿಗಿಂತಲೂ ಆ ಸಾಲು ನನಗೆ ಚೆನ್ನಾಗಿ ಅರ್ಥವಾಗುತ್ತೆ. ಮೊದಲು ಜೋಳ, ಮಿಕ್ಕಿದ್ದು ಆಮೇಲೆ.

ಈಗ ಎದುರು ವಾದ. ಇದು ಹಗುರ ವಾದವಲ್ಲ, ನಮ್ಮೂರಿನಲ್ಲೇ ಕೇಳುತ್ತಾರೆ. "ತಮ್ಮಾ, ನಮ್ಮ ಮಂದಿನ ವರ್ಷಕ್ಕ ಆರು ತಿಂಗಳು ಗುಳೆ ಹೋಗ್ತಾರ. ಅವ್ರಿಗೇ ಯಾರೂ ಏನೂ ಕೊಟ್ಟಿಲ್ಲ, ಹೊರಗಿನವ್ರಿಗೆ ಯಾಕ?" ನಿಜ. ಸುಗ್ಗಿ ಮುಗಿದರೆ ಕುಷ್ಟಗಿ, ಯಲಬುರ್ಗಾ ತಾಲೂಕುಗಳಿಂದ ಮಂಗಳೂರು, ಗೋವಾ, ಬೆಂಗಳೂರಿಗೆ ಬಸ್ಸು ತುಂಬಿ ಹೋಗುತ್ತವೆ. ನಾನಿರುವ ಅಪಾರ್ಟ್‌ಮೆಂಟಿನ ಪಕ್ಕದ ಕಟ್ಟಡಕ್ಕೆ ಕಲ್ಲು ಹೊರುತ್ತಿರುವವರ ಮಾತು ಕೇಳಿದರೆ ನಮ್ಮೂರಿನವರೇ. 2020ರ ಲಾಕ್‌ಡೌನಿನಲ್ಲಿ ರೇಷನ್ ಕಾರ್ಡು ಹನುಮಸಾಗರದಲ್ಲಿ, ಹೊಟ್ಟೆ ಮಂಗಳೂರಿನಲ್ಲಿ ಅನ್ನೋ ಪರಿಸ್ಥಿತಿ ಆಗಿದ್ದು ಮರೆತಿಲ್ಲ.

ಆದರೆ ನೋಡಿ, ಗುಳೆ ಹೋದವನ ತೊಂದರೆಯೂ ನಿರಾಶ್ರಿತನ ತೊಂದರೆಯೂ ಒಂದೇ ಜಾತಿಯವು: ಮನುಷ್ಯ ಒಂದು ಕಡೆ, ಅವನ ಹಕ್ಕಿನ ಕಾಗದ ಇನ್ನೊಂದು ಕಡೆ. ಒಬ್ಬನಿಗೆ ಸಿಗದಿದ್ದರೆ ಇನ್ನೊಬ್ಬನಿಗೆ ಸಿಗುತ್ತೆ ಅನ್ನೋದು ಸುಳ್ಳು. ಸಿಂಧನೂರಿನ ಬಂಗಾಳಿಗೆ ಐವತ್ತು ವರ್ಷ ಜಾತಿ ಪತ್ರ ಕೊಡದೆ ಉಳಿಸಿದ ಯಾವ ಲಾಭ ಹನುಮಸಾಗರದ ಕೂಲಿಗೆ ಬಂದು ಸೇರಿದೆ ಹೇಳಿ? ಒಂದಾಣೆಯೂ ಇಲ್ಲ.

ಭದ್ರತೆಯ ಮಾತೂ ಬರುತ್ತೆ. ಅದಕ್ಕೂ ಕಾನೂನೇ ಬೇಕು. ಬಂದವರನ್ನು ನೋಂದಾಯಿಸಿ, ವಿಚಾರಿಸಿ, ಯೋಗ್ಯರಿಗೆ ಹೂಂ, ಅಲ್ಲದವರಿಗೆ ಊಹೂಂ ಎನ್ನುವ ಒಂದು ವ್ಯವಸ್ಥೆ ಇದ್ದರೆ ಯಾರು ಎಲ್ಲಿದ್ದಾರೆ ಅಂತ ಸರಕಾರಕ್ಕೆ ಗೊತ್ತಿರುತ್ತೆ. ಇಲ್ಲದಿದ್ದರೆ ಎಲ್ಲರೂ ಕತ್ತಲಲ್ಲಿ.

ಹಾಗಾದರೆ ನಮ್ಮ ಶಾಸಕರು, ಸಂಸದರು ಮಾಡಬೇಕಾದ್ದೇನು? ನನ್ನ ಪಟ್ಟಿ:

1. ನಾಮಶೂದ್ರರನ್ನು ಕರ್ನಾಟಕದ ಪರಿಶಿಷ್ಟ ಜಾತಿ ಪಟ್ಟಿಗೆ ಸೇರಿಸಲು ರಾಜ್ಯ ಗಟ್ಟಿಯಾಗಿ ಶಿಫಾರಸು ಮಾಡಬೇಕು. ಪಟ್ಟಿ ತಿದ್ದುವ ಅಧಿಕಾರ ಇರುವುದು ಸಂಸತ್ತಿಗೆ ಮಾತ್ರ, ಹಾಗಾಗಿ ದೆಹಲಿಯಲ್ಲಿ ಎದ್ದು ನಿಂತು ಕೇಳುವ ಎಂಪಿ ಬೇಕು.

2. ಇಲ್ಲಿ ಹುಟ್ಟಿ ಪೌರರಾದವರನ್ನು ಮತ್ತೆ ಮತ್ತೆ ಅಜ್ಜನ ಕಾಗದ ಕೇಳುವುದು ನಿಲ್ಲಬೇಕು. 1987ಕ್ಕಿಂತ ಮುಂಚೆ ಇಲ್ಲಿ ಹುಟ್ಟಿದ ಟಿಬೆಟಿಯನ್ನರ ವಿಷಯದಲ್ಲಿ 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಹೇಳಿದ್ದು ಇದನ್ನೇ. ಕೋರ್ಟಿಗೆ ಹೋಗಲಾಗದವರಿಗೂ ಅದು ಸಿಗಬೇಕು.

3. ದೇಶಕ್ಕೊಂದು ನಿರಾಶ್ರಿತರ ಕಾಯ್ದೆ ಬೇಕು. ಶಶಿ ತರೂರ್ 2015ರಲ್ಲಿ, ಮತ್ತೆ 2022ರಲ್ಲಿ ಖಾಸಗಿ ಮಸೂದೆ ಮಂಡಿಸಿದ್ದರು, ಎರಡೂ ಕಾಯ್ದೆಯಾಗಲಿಲ್ಲ. ಪಕ್ಷ ಯಾವುದಾದರೂ ಆಗಲಿ, ನಮ್ಮವರು ಅಂಥದ್ದನ್ನು ಬೆಂಬಲಿಸಬೇಕು. ಪೌರನಲ್ಲದವನ ಪ್ರಾಣವನ್ನೂ ಕಾಪಾಡುವುದು ಸರಕಾರದ ಕರ್ತವ್ಯ ಅಂತ ಚಕ್ಮಾಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿಯಾಗಿದೆ. ಅದನ್ನು ಕಾಯ್ದೆಯಲ್ಲಿ ಬರೆಯಲು ಇನ್ನೆಷ್ಟು ವರ್ಷ?

4. ಮುಂದೆ ಎಲ್ಲೇ ನೆಲೆ ಕೊಡಲಿ, ಅಕ್ಕಪಕ್ಕದ ಹಳ್ಳಿಗೂ ಅಷ್ಟೇ ನೀರು, ಶಾಲೆ, ಆಸ್ಪತ್ರೆ ಬರಬೇಕು. ಆಗ "ಅವ್ರಿಗೆ ಯಾಕ" ಅನ್ನೋ ಮಾತು ತಾನೇ ತಣ್ಣಗಾಗುತ್ತೆ.

ಇದೆಲ್ಲ ಆಗುವ ಮಾತಾ ಅಂತ ನಗಬೇಡಿ. ನಾವು ಹೈದರಾಬಾದ್ ಕರ್ನಾಟಕದವರು 371ನೇ ವಿಧಿಯ ತಿದ್ದುಪಡಿ ಬೇಕು ಅಂತ ಎಷ್ಟು ವರ್ಷ ಕೂಗಿದೆವು? ಆಗಲ್ಲ ಅಂದವರೆಷ್ಟು? 2012ರಲ್ಲಿ ಸಂಸತ್ತು 371-ಜೆ ಒಪ್ಪಿತು. ಆ ಸರ್ಟಿಫಿಕೇಟ್ ಹಿಡಿದೇ ನಾನು ಇಂಜಿನಿಯರಿಂಗ್ ಸೀಟು ತಗೊಂಡಿದ್ದು, ಅದರಿಂದಲೇ ಇವತ್ತು ಬೆಂಗಳೂರಿನಲ್ಲಿ ಕೂತು ಈ ಕೀಲಿಮಣೆ ಕುಟ್ಟುತ್ತಿದ್ದೇನೆ. ಸಂವಿಧಾನದಲ್ಲಿ ಒಂದು ಸಾಲು ಸೇರಿದರೆ ಒಬ್ಬ ಹುಡುಗನ ಬದುಕು ಎಷ್ಟು ಬದಲಾಗುತ್ತೆ ಅಂತ ನಮಗೆ ಯಾರೂ ಪಾಠ ಹೇಳಬೇಕಿಲ್ಲ.

ಅಂದ ಹಾಗೆ, ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿ. ಸಿಂಧನೂರು ರಾಯಚೂರು ಜಿಲ್ಲೆಯಲ್ಲಿದ್ದರೂ ಲೋಕಸಭೆಗೆ ನಮ್ಮ ಕೊಪ್ಪಳ ಕ್ಷೇತ್ರಕ್ಕೇ ಸೇರುತ್ತೆ. ಅಂದರೆ ಹನುಮಸಾಗರದ ನನಗೂ, ಆರ್.ಎಚ್. ಕ್ಯಾಂಪಿನ ನನ್ನ ಗೆಳೆಯನಿಗೂ ಎಂಪಿ ಒಬ್ಬರೇ. ಅವನು ಬರೆದರೆ "ಕ್ಯಾಂಪಿನವರು ತಮ್ಮ ಸಲುವಾಗಿ ಕೇಳ್ತಾರೆ" ಅಂತ ಪಕ್ಕಕ್ಕಿಡಬಹುದು. ಹನುಮಸಾಗರದಿಂದ, ಯಲಬುರ್ಗಾದಿಂದ, ಗಂಗಾವತಿಯಿಂದ ನಾವು ಬರೆದರೆ ಹಾಗನ್ನಲಿಕ್ಕೆ ಬರುವುದಿಲ್ಲ.

ನಾನು ನಿನ್ನೆ ರಾತ್ರಿ ಒಂದು ಪುಟದ ಪತ್ರ ಬರೆದು ಸಂಸದರ ಆಫೀಸಿಗೆ ಕಳಿಸಿದ್ದೇನೆ, ಕನ್ನಡದಲ್ಲೇ. ನಮ್ಮ ಸೀಮೆಯ ಬ್ಲಾಗಿಗರೇ, ನೀವೂ ನಾಲ್ಕು ಸಾಲು ಬರೆಯಿರಿ. ಬೇರೆ ಕ್ಷೇತ್ರದವರು ನಿಮ್ಮ ನಿಮ್ಮ ಸಂಸದರಿಗೆ ಬರೆಯಿರಿ. ಮೈಸೂರು ಸೀಮೆಯವರಿಗೆ ಬೈಲಕುಪ್ಪೆ ಇದೆ, ಉತ್ತರ ಕನ್ನಡದವರಿಗೆ ಮುಂಡಗೋಡ ಇದೆ. ಪತ್ರ ಹೇಗಿರಬೇಕು ಅಂತ ಕೇಳಿದರೆ ನನ್ನದನ್ನು ಕಳಿಸುತ್ತೇನೆ, ತಿದ್ದಿಕೊಳ್ಳಿ.

ಗೆಳೆಯನಿಗೆ ಫೋನ್ ಮಾಡಿ ಹೇಳಿದೆ, ಹಿಂಗ್ ಹಿಂಗ ಬರದೀನಿ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜ ಇನ್ನಾ ಟ್ರಂಕಿನ ಕೀಲಿ ಸೊಂಟಕ್ಕ ಕಟಗೊಂಡ ಮಲಗ್ತಾನ ಲೇ" ಅಂದ. ಆಮೇಲೆ ಕ್ರಿಕೆಟ್ ಮಾತಾಡಿದೆವು.

ನಿಮಗೇನನ್ನಿಸುತ್ತೆ, ಹೇಳಿ. ಬೈದರೂ ಪರವಾಗಿಲ್ಲ.